ದೋಣಿಯಲ್ಲೇ ಸಂಸಾರ ಹೂಡಲು ಕೈಗೆಟುಕುವ ಅಧಿಕೃತ ಮೂರಿಂಗ್ (ದೋಣಿ ಕಟ್ಟಿ ನಿಲ್ಲಿಸುವ ಜಾಗ) ಹುಡುಕುವುದು ಹೇಗೆ? (ಮಿಲ್ಟನ್ ಕೀನ್ಸ್ ಸುತ್ತಮುತ್ತ)

ಪ್ರಶ್ನೆ: ನೀರದಾರಿ

ಎಲ್ಲರಿಗೂ ನಮಸ್ಕಾರ. ನಾನು, ನನ್ನ ಹೆಂಡತಿ ಮತ್ತು ಮೂರು ವರ್ಷದ ಮಗಳು ಇಂಗ್ಲೆಂಡಿನ ಮಿಲ್ಟನ್ ಕೀನ್ಸ್‌ನಲ್ಲಿ ಎರಡು ಕೋಣೆಯ ಬಾಡಿಗೆ ಮನೆಯಲ್ಲಿದ್ದೇವೆ. ತಿಂಗಳಿಗೆ 1,300 ಪೌಂಡ್ ಬಾಡಿಗೆ. ಅದರ ಮೇಲೆ ಕೌನ್ಸಿಲ್ ಟ್ಯಾಕ್ಸ್ (ಸ್ಥಳೀಯ ಆಡಳಿತಕ್ಕೆ ಕಟ್ಟುವ ಮನೆ ತೆರಿಗೆ), ಗ್ಯಾಸು, ಕರೆಂಟು ಎಲ್ಲವನ್ನೂ ಕೂಡಿಸಿದರೆ ಸಂಬಳದ ದೊಡ್ಡ ಪಾಲು ಸೂರಿಗೇ ಹೋಗುತ್ತದೆ. ಸ್ವಂತ ಮನೆಗೆ ಸಾಲ ಮಾಡುವಷ್ಟು ಮುಂಗಡ ನಮ್ಮಲ್ಲಿಲ್ಲ. ಆದರೆ ಹಳೆಯದಾದರೂ ಗಟ್ಟಿಮುಟ್ಟಾದ ಒಂದು ನ್ಯಾರೋಬೋಟ್ (ಕಾಲುವೆಗಳಿಗೆಂದು ಮಾಡಿದ ಕಿರಿದಾದ, ಉದ್ದನೆಯ ದೋಣಿ) ಕೊಳ್ಳಲು ಬೇಕಾದ ಉಳಿತಾಯವಿದೆ. ಗ್ರಾಂಡ್ ಯೂನಿಯನ್ ಕಾಲುವೆಯ ದಂಡೆಯಲ್ಲಿ ನಡೆಯುವಾಗಲೆಲ್ಲ ಕಾಣುವ ಆ ಬದುಕು ನಮಗೆ ಇಷ್ಟವಾಗಿದೆ. ಇದು ಬರೀ ಹಣ ಉಳಿಸುವ ಯೋಚನೆಯಲ್ಲ. ಒಂದಷ್ಟು ವರ್ಷ ಹಾಗೆಯೇ ಬಾಳಬೇಕೆಂಬ ಆಸೆ ನಮ್ಮಿಬ್ಬರಿಗೂ ಇದೆ.

ವಾರಕ್ಕೆ ಮೂರು ದಿನ ನಾನು ಆಫೀಸಿಗೆ ಹೋಗಲೇಬೇಕು, ಮಗಳನ್ನು ಮುಂದಿನ ಸೆಪ್ಟೆಂಬರಿನಲ್ಲಿ ಶಾಲೆಗೆ ಸೇರಿಸಬೇಕು. ಹೀಗಾಗಿ ಒಂದೇ ಕಡೆ ನಿಲ್ಲುವ, ಕಾನೂನುಬದ್ಧವಾಗಿ ವಾಸಿಸಬಹುದಾದ ಜಾಗ ಬೇಕು. ಮೂರಿಂಗಿಗೆ ತಿಂಗಳಿಗೆ 400 ಪೌಂಡಿನವರೆಗೆ ಕೊಡಬಲ್ಲೆವು. ನಾಲ್ಕಾರು ಮರೀನಾಗಳಿಗೆ (ದೋಣಿ ನಿಲ್ದಾಣಗಳಿಗೆ) ಫೋನ್ ಮಾಡಿದಾಗ ಕೆಲವರು ವಾಸಕ್ಕೆ ಜಾಗವೇ ಇಲ್ಲವೆಂದರು, ಕೆಲವರು ಕಾಯುವವರ ಪಟ್ಟಿಯಲ್ಲಿ ಹೆಸರು ಬರೆದುಕೊಂಡರು. ಒಬ್ಬರು ಮಾತ್ರ "ಇದು ವಿಹಾರದ ದೋಣಿಗಳಿಗೆ ಕೊಡುವ ಜಾಗ, ಆದರೆ ನೀವು ಉಳಿದುಕೊಂಡರೆ ನಾವೇನೂ ಕೇಳುವುದಿಲ್ಲ" ಎಂದರು. ಆ ಮಾತನ್ನು ನಂಬಬಹುದೇ ಎಂಬುದು ನನಗೆ ತಿಳಿಯುತ್ತಿಲ್ಲ.

ನನ್ನ ಪ್ರಶ್ನೆಗಳು ಇಷ್ಟು. ಅಧಿಕೃತ ವಾಸದ ಮೂರಿಂಗನ್ನು ಎಲ್ಲಿ, ಹೇಗೆ ಹುಡುಕಬೇಕು? ಮೊದಲು ದೋಣಿ ಕೊಳ್ಳಬೇಕೋ, ಮೊದಲು ಜಾಗ ಗೊತ್ತುಮಾಡಬೇಕೋ? ಮೂರಿಂಗ್ ಶುಲ್ಕದ ಹೊರತಾಗಿ ಲೆಕ್ಕಕ್ಕೆ ಹಿಡಿಯಬೇಕಾದ ಖರ್ಚುಗಳು ಯಾವುವು? ಇಂಗ್ಲೆಂಡಿನ ಕಾಲುವೆಗಳಲ್ಲಿ ವಾಸವಿರುವ ಕನ್ನಡಿಗರು ಈ ಬಳಗದಲ್ಲಿ ಇದ್ದಾರೆಂದು ಕೇಳಿದ್ದೇನೆ. ದಯವಿಟ್ಟು ತಿಳಿದದ್ದನ್ನು ಬರೆಯಿರಿ.

ಉತ್ತರ 1: ಗ್ರಾಂಡ್ ಯೂನಿಯನ್ ವಾಸಿ

ನೀರದಾರಿಯವರಿಗೆ ನಮಸ್ಕಾರ. ದೋಣಿಯನ್ನು ನೀವು ಇನ್ನೂ ಕೊಂಡಿಲ್ಲ ಎಂಬುದು ನಿಮ್ಮ ಬರಹದ ಧಾಟಿಯಿಂದ ಗೊತ್ತಾಗುತ್ತದೆ. ಮೂರಿಂಗಿನ ಕರಾರಿಗೆ ಸಹಿ ಬೀಳುವ ತನಕ ದಯವಿಟ್ಟು ಕೊಳ್ಳಲೂ ಬೇಡಿ. ಎಷ್ಟು ಉದ್ದ, ಎಷ್ಟು ಅಗಲ, ಎಷ್ಟು ಹಳೆಯ ದೋಣಿ ಕೊಳ್ಳಬಹುದು ಎಂಬುದನ್ನು ತೀರ್ಮಾನಿಸುವುದೇ ಜಾಗ. ಕೆಲವು ಮರೀನಾಗಳು 57 ಅಡಿಗಿಂತ ಉದ್ದದ್ದನ್ನು ಸೇರಿಸುವುದಿಲ್ಲ, ಕೆಲವು ಹಳೆಯ ದೋಣಿಗಳನ್ನು ಒಲ್ಲವು. ದೋಣಿ ಮೊದಲೇ ಕೈಯಲ್ಲಿದ್ದರೆ ನೀವು ಸಿಕ್ಕಿದ ಜಾಗಕ್ಕೆ ಸಿಕ್ಕಿದ ಬೆಲೆ ಕೊಟ್ಟು ನಿಲ್ಲಬೇಕಾಗುತ್ತದೆ.

"ಉಳಿದುಕೊಂಡರೆ ಏನೂ ಕೇಳುವುದಿಲ್ಲ" ಎಂಬ ಮಾತಿನ ಬಗ್ಗೆ ವಿವರವಾಗಿ ಬರೆಯುತ್ತೇನೆ, ಏಕೆಂದರೆ ಅಗ್ಗದ ಜಾಗ ಹುಡುಕುವವರು ಹೆಚ್ಚಾಗಿ ಸಿಕ್ಕಿಬೀಳುವುದು ಇಲ್ಲಿಯೇ. ದೋಣಿಯಲ್ಲಿ ಕಾಯಂ ವಾಸಿಸಲು ಎರಡು ಬೇರೆ ಬೇರೆ ಒಪ್ಪಿಗೆಗಳು ಬೇಕು. ಒಂದು, ಜಾಗದ ಒಡೆಯರ ಒಪ್ಪಿಗೆ. ಅದು ಮರೀನಾ ಇರಬಹುದು, ಕಾಲುವೆಗಳನ್ನು ನೋಡಿಕೊಳ್ಳುವ ಕೆನಾಲ್ ಅಂಡ್ ರಿವರ್ ಟ್ರಸ್ಟ್ ಇರಬಹುದು, ದಂಡೆಯ ರೈತ ಇರಬಹುದು. ಇನ್ನೊಂದು, ಆ ಜಾಗವನ್ನು ವಾಸಕ್ಕೆ ಬಳಸಲು ಸ್ಥಳೀಯ ಕೌನ್ಸಿಲ್ ಕೊಡುವ ಪ್ಲಾನಿಂಗ್ ಅನುಮತಿ. ನೂರೈವತ್ತು ದೋಣಿ ನಿಲ್ಲುವ ಮರೀನಾಕ್ಕೆ ಹತ್ತು ಹನ್ನೆರಡು ವಾಸದ ದೋಣಿಗಳಿಗೆ ಮಾತ್ರ ಅನುಮತಿ ಇರುವುದು, ಅಥವಾ ಒಂದಕ್ಕೂ ಇಲ್ಲದಿರುವುದು ಸಾಮಾನ್ಯ ಸಂಗತಿ. ಮಿಕ್ಕ ಜಾಗಗಳಲ್ಲಿ ಸದ್ದಿಲ್ಲದೆ ವಾಸಿಸುವವರು ಇದ್ದಾರೆ, ನಿಜ. ಆದರೆ ಯಾರಾದರೂ ದೂರು ಕೊಟ್ಟು ಕೌನ್ಸಿಲ್ ಕ್ರಮಕ್ಕೆ ಮುಂದಾದರೆ, ಇಲ್ಲವೇ ಮರೀನಾ ಹೊಸ ಮಾಲೀಕರ ಕೈಗೆ ಹೋದರೆ, ಮೊದಲು ಜಾಗ ಖಾಲಿಮಾಡಬೇಕಾದವರು ಅವರೇ. ಬಾಯಿಮಾತಿನಲ್ಲಿ ಒಪ್ಪಿದ ಮ್ಯಾನೇಜರು ಆ ಹೊತ್ತಿಗೆ ಅಲ್ಲಿ ಕೆಲಸದಲ್ಲಿ ಇರುತ್ತಾರೆಂಬ ಖಾತ್ರಿಯೂ ಇಲ್ಲ.

ಇದನ್ನು ಯಾರನ್ನೂ ಕೇಳದೆ ನೀವೇ ಪರೀಕ್ಷಿಸಬಹುದು. ಪ್ರತಿ ಕೌನ್ಸಿಲ್‌ನ ಜಾಲತಾಣದಲ್ಲಿ ಪ್ಲಾನಿಂಗ್ ಅರ್ಜಿಗಳನ್ನು ಹುಡುಕುವ ಪುಟವಿರುತ್ತದೆ. ಅಲ್ಲಿ ಮರೀನಾದ ಹೆಸರನ್ನೋ ಪೋಸ್ಟ್‌ಕೋಡನ್ನೋ ಹಾಕಿ ತೀರ್ಪಿನ ಪತ್ರವನ್ನು ತೆರೆದು, ಕೊನೆಯಲ್ಲಿ ಸಂಖ್ಯೆ ಹಾಕಿ ಕೊಟ್ಟಿರುವ ಷರತ್ತುಗಳನ್ನು ಓದಿರಿ. ಯಾವ ದೋಣಿಯನ್ನೂ ಏಕೈಕ ಅಥವಾ ಮುಖ್ಯ ನಿವಾಸವಾಗಿ ಬಳಸತಕ್ಕದ್ದಲ್ಲ ಎಂಬ ಅರ್ಥದ ಒಂದು ಸಾಲು ಅಲ್ಲಿದ್ದರೆ, ಮ್ಯಾನೇಜರು ಎಷ್ಟೇ ನಗುಮುಖದಿಂದ ಮಾತಾಡಿದರೂ ಅದು ವಾಸದ ಜಾಗವಲ್ಲ. ಅನುಮತಿ ಇಲ್ಲದೆಯೇ ಹತ್ತು ವರ್ಷಗಳಿಗಿಂತ ಹೆಚ್ಚು ಕಾಲ ನಿರಂತರವಾಗಿ ವಾಸಕ್ಕೆ ಬಳಕೆಯಾದ ಜಾಗಗಳಿಗೆ ಕೌನ್ಸಿಲ್ ಕಾನೂನುಬದ್ಧ ಬಳಕೆಯ ಪ್ರಮಾಣಪತ್ರ ಕೊಡುವುದೂ ಉಂಟು. ಅದಿದ್ದರೆ ಸಾಕು, ಅದೂ ಗಟ್ಟಿಯಾದ ದಾಖಲೆಯೇ.

ಇಷ್ಟೆಲ್ಲ ಒತ್ತಿ ಹೇಳಲು ಕಾರಣವಿದೆ. ಮನೆಯ ಬಾಡಿಗೆದಾರರಿಗೆ ಕಾನೂನು ಕೊಡುವ ರಕ್ಷಣೆ ದೋಣಿಯಲ್ಲಿ ವಾಸಿಸುವವರಿಗೆ ಬಹುಮಟ್ಟಿಗೆ ಸಿಗುವುದಿಲ್ಲ. ಲಂಡನ್ನಿನ ಚೆಲ್ಸಿಯ ಒಂದು ಹೌಸ್‌ಬೋಟ್ ಪ್ರಕರಣದಲ್ಲಿ 2000ನೇ ಇಸವಿಯಲ್ಲಿ ಇಂಗ್ಲೆಂಡಿನ ಮೇಲ್ಮನವಿ ನ್ಯಾಯಾಲಯವು, ಹಗ್ಗ ಬಿಚ್ಚಿ ಬೇರೆಡೆಗೆ ಒಯ್ಯಬಹುದಾದ ದೋಣಿ ನೆಲದ ಭಾಗವಾಗುವುದಿಲ್ಲ, ಆದ್ದರಿಂದ ಅದಕ್ಕೆ ಮನೆ ಬಾಡಿಗೆಯ ಕಾನೂನು ಅನ್ವಯಿಸುವುದಿಲ್ಲ ಎಂದು ತೀರ್ಪು ಕೊಟ್ಟಿತು. ಕ್ಯಾರವಾನ್ ತಾಣಗಳಲ್ಲಿ ಇರುವವರಿಗೆ ನೆರವಾಗುವ 1983ರ ಮೊಬೈಲ್ ಹೋಮ್ಸ್ ಕಾಯಿದೆಯೂ ದೋಣಿಗಳನ್ನು ಒಳಗೊಳ್ಳುವುದಿಲ್ಲ. ಹೀಗಾಗಿ ನಿಮಗಿರುವ ಆಧಾರವೆಂದರೆ ಕರಾರುಪತ್ರ ಒಂದೇ. ಅದರಲ್ಲಿ ವಾಸಕ್ಕೆ ಎಂದು ಸ್ಪಷ್ಟವಾಗಿ ಬರೆದಿರಬೇಕು. ಎಷ್ಟು ತಿಂಗಳ ಮುಂಚಿತ ನೋಟಿಸು ಕೊಡಬೇಕು, ಶುಲ್ಕವನ್ನು ಯಾವ ಆಧಾರದ ಮೇಲೆ ಏರಿಸುತ್ತಾರೆ, ದೋಣಿ ಮಾರಿದರೆ ಜಾಗ ಹೊಸಬರಿಗೆ ಹೋಗುತ್ತದೆಯೇ ಎಂಬುದೆಲ್ಲ ಅದರಲ್ಲಿ ಇರಬೇಕು. ನೀವು ಗ್ರಾಹಕರಾಗಿ ಮಾಡಿಕೊಳ್ಳುವ ಕರಾರಾದ್ದರಿಂದ ಅನ್ಯಾಯದ ಷರತ್ತುಗಳನ್ನು 2015ರ ಗ್ರಾಹಕ ಹಕ್ಕುಗಳ ಕಾಯಿದೆಯಡಿ ಪ್ರಶ್ನಿಸಬಹುದು. ಆದರೆ ನೋಟಿಸು ಕೈಗೆ ಬಂದ ಮೇಲೆ ಚಿಕ್ಕ ಮಗುವನ್ನು ಕಟ್ಟಿಕೊಂಡು ವ್ಯಾಜ್ಯ ನಡೆಸುವ ಸ್ಥಿತಿ ಯಾರಿಗೂ ಬರಬಾರದು.

ಇನ್ನು ಹುಡುಕುವ ಬಗೆ. ನೀವು ಮಿಲ್ಟನ್ ಕೀನ್ಸ್ ಎಂಬ ಊರಿನ ಸುತ್ತ ಹುಡುಕುತ್ತಿದ್ದೀರಿ. ನಾನಾದರೆ ರೈಲಿನ ಹಳಿಯ ಉದ್ದಕ್ಕೂ ಹುಡುಕುತ್ತಿದ್ದೆ. ಗ್ರಾಂಡ್ ಯೂನಿಯನ್ ಕಾಲುವೆ ಲಂಡನ್ನಿನಿಂದ ಬರ್ಮಿಂಗ್‌ಹ್ಯಾಮಿನವರೆಗೆ 137 ಮೈಲಿ ಇದೆ, ಅದರ ಬಹುಭಾಗ ರೈಲುಮಾರ್ಗಕ್ಕೆ ಹತ್ತಿರದಲ್ಲೇ ಸಾಗುತ್ತದೆ. ದಕ್ಷಿಣಕ್ಕೆ ಟ್ರಿಂಗ್, ಚೆಡ್ಡಿಂಗ್ಟನ್, ಲೇಟನ್ ಬಝರ್ಡ್. ಉತ್ತರಕ್ಕೆ ವುಲ್ವರ್ಟನ್, ನಾರ್ಥಾಂಪ್ಟನ್, ರಗ್ಬಿ. ಇವೆಲ್ಲವೂ ನಿಮ್ಮ ಆಫೀಸಿಗೆ ರೈಲಿನಲ್ಲಿ ಬಂದುಹೋಗಬಹುದಾದ ಊರುಗಳು. ಲಂಡನ್ನಿನಲ್ಲಿ ವಾಸದ ಜಾಗಕ್ಕೆ ವರ್ಷಕ್ಕೆ 10,000 ಪೌಂಡ್ ದಾಟುವುದು ಅಪರೂಪವಲ್ಲ. ಆ ಒತ್ತಡ ಟ್ರಿಂಗ್‌ವರೆಗೂ ಹಬ್ಬಿದೆ. ಬ್ರಾನ್‌ಸ್ಟನ್ ಕಡೆಗೆ ಸರಿದಂತೆ ಮರೀನಾಗಳು ಹೆಚ್ಚು, ಬೆಲೆಯೂ ಇಳಿಯುತ್ತದೆ. ರೈಲಿನ ಪಾಸಿನ ಖರ್ಚನ್ನು ಸೇರಿಸಿ ಹೋಲಿಸಿ ನೋಡಿರಿ.

ಕೆನಾಲ್ ಅಂಡ್ ರಿವರ್ ಟ್ರಸ್ಟ್ ತನ್ನ ಸ್ವಂತ ಮೂರಿಂಗುಗಳು ಖಾಲಿಯಾದಾಗ ಜಾಲತಾಣದಲ್ಲಿ ಪ್ರಕಟಿಸುತ್ತದೆ. ಬೇಡಿಕೆ ಹೆಚ್ಚಿರುವ ಜಾಗಗಳು ಹರಾಜಿಗೆ ಬರುತ್ತವೆ. ಅಲ್ಲಿ ವಾಸದವು ಕಡಿಮೆ, ವಿಹಾರದವೇ ಹೆಚ್ಚು. ಆದ್ದರಿಂದ ಸೂಚನೆ ಬರುವಂತೆ ನೋಂದಾಯಿಸಿಕೊಂಡು, ಬಂದ ದಿನವೇ ಹೋಗಿ ನೋಡಬೇಕು. 1963ರಲ್ಲಿ ಶುರುವಾದ ರೆಸಿಡೆನ್ಷಿಯಲ್ ಬೋಟ್ ಓನರ್ಸ್ ಅಸೋಸಿಯೇಷನ್ ಈ ವಿಷಯಕ್ಕೆಂದೇ ಇರುವ ಸಂಘ, ಅದರ ಸಲಹೆ ನಂಬಿಕೆಗೆ ಯೋಗ್ಯ. ಅಪೊಲೊ ಡಕ್ ಜಾಲತಾಣದಲ್ಲಿ "ವಾಸದ ಮೂರಿಂಗ್ ಸಹಿತ" ಎಂದು ಮಾರಾಟಕ್ಕಿರುವ ದೋಣಿಗಳು ಕಾಣಿಸುತ್ತವೆ. ಅಂಥದ್ದನ್ನು ನೋಡಿದರೆ ಜಾಗ ನಿಮಗೆ ವರ್ಗವಾಗುತ್ತದೆ ಎಂದು ಜಾಗದ ಒಡೆಯರಿಂದಲೇ ಬರಹದಲ್ಲಿ ಪಡೆಯಿರಿ, ಮಾರುವವರ ಮಾತಿನ ಮೇಲೆ ಹಣ ಕೊಡಬೇಡಿ. ಇವೆಲ್ಲಕ್ಕಿಂತ ಫಲ ಕೊಡುವುದು ಕಾಲ್ನಡಿಗೆ. ಟೋಪಾತ್‌ನ (ಕಾಲುವೆಯ ಪಕ್ಕದ ಕಾಲುದಾರಿಯ) ಎದುರು ದಂಡೆಯಲ್ಲಿ, ಹೊಲಗಳ ಅಂಚಿಗೆ, ಎಂಟು ಹತ್ತು ದೋಣಿಗಳು ಸಾಲಾಗಿ ನಿಂತಿರುವ ಜಾಗಗಳು ಬಹಳ ಇವೆ. ಅವುಗಳಿಗೆ ಜಾಹೀರಾತೇ ಇರುವುದಿಲ್ಲ. ಜಾಗ ಖಾಲಿಯಾಗುವ ಸುದ್ದಿ ಅಲ್ಲಿರುವವರ ಬಾಯಿಂದಲೇ ತಿಳಿಯಬೇಕು.

ಶುಲ್ಕವನ್ನು ಸಾಮಾನ್ಯವಾಗಿ ಮೀಟರಿಗೆ ವರ್ಷಕ್ಕೆ ಇಷ್ಟೆಂದು ಹೇಳುತ್ತಾರೆ. ಉದಾಹರಣೆಗೆ ಮೀಟರಿಗೆ 200 ಪೌಂಡ್ ಎಂದಿಟ್ಟುಕೊಂಡರೆ, 57 ಅಡಿಯ, ಅಂದರೆ 17.4 ಮೀಟರಿನ ದೋಣಿಗೆ ವರ್ಷಕ್ಕೆ 3,480 ಪೌಂಡ್, ತಿಂಗಳಿಗೆ 290 ಆಗುತ್ತದೆ. ಆದರೆ ಕೆಲವರು ದೋಣಿಯ ಉದ್ದವನ್ನು ಬಿಟ್ಟು ಅದು ನಿಲ್ಲುವ ಕಟ್ಟೆಯ ಉದ್ದಕ್ಕೆ ಹಣ ಕೇಳುತ್ತಾರೆ. ವ್ಯಾಟ್ ಸೇರಿದೆಯೇ, ಕೌನ್ಸಿಲ್ ಟ್ಯಾಕ್ಸ್ ಸೇರಿದೆಯೇ ಎಂದು ಮೊದಲ ಫೋನಿನಲ್ಲೇ ಕೇಳಿರಿ. ಒಂದೇ ಜಾಗದಲ್ಲಿ ಕಾಯಂ ವಾಸವಿದ್ದರೆ ಸಾಮಾನ್ಯವಾಗಿ ಎ ಬ್ಯಾಂಡಿನ, ಅಂದರೆ ಅತ್ಯಂತ ಕೆಳಗಿನ ದರದ ಕೌನ್ಸಿಲ್ ಟ್ಯಾಕ್ಸ್ ಬೀಳುತ್ತದೆ. ನೀವು ಹೇಳಿದ 400 ಪೌಂಡಿನ ಮಿತಿಯೊಳಗೆ ಜಾಗ ಸಿಗುವುದು ಸಾಧ್ಯವಿದೆ, ಆದರೆ ಹುಡುಕಾಟಕ್ಕೆ ತಿಂಗಳುಗಳೇ ಬೇಕು.

ಉತ್ತರ 2: ಅಲೆಮಾರಿ ದೋಣಿ

ಮೇಲಿನವರು ಬರೆದದ್ದನ್ನು ನಾನು ಪೂರ್ತಿ ಒಪ್ಪುತ್ತೇನೆ. ಮೂರಿಂಗೇ ಇಲ್ಲದೆ ಇರುವ ದಾರಿಯ ಬಗ್ಗೆ ನೀವು ಕೇಳಿಲ್ಲವಾದರೂ, ಜಾಗ ಸಿಗದೆ ಬೇಸತ್ತಾಗ ಆ ಯೋಚನೆ ಖಂಡಿತ ಬರುತ್ತದೆ. ನಾನು ಹಾಗೆಯೇ ಬದುಕುತ್ತಿರುವವನಾದ್ದರಿಂದ ಬರೆಯುತ್ತಿದ್ದೇನೆ.

1995ರ ಬ್ರಿಟಿಷ್ ವಾಟರ್‌ವೇಸ್ ಕಾಯಿದೆಯ 17ನೇ ಸೆಕ್ಷನ್ ಪ್ರಕಾರ ದೋಣಿಗೆ ಲೈಸೆನ್ಸ್ ಬೇಕಾದರೆ ಸುರಕ್ಷತಾ ಪ್ರಮಾಣಪತ್ರ ಇರಬೇಕು, ವಿಮೆ ಇರಬೇಕು. ಮೂರನೆಯದಾಗಿ, ಒಂದೋ ದೋಣಿಯನ್ನು ಕಾನೂನುಬದ್ಧವಾಗಿ ಬಿಟ್ಟುಹೋಗಬಹುದಾದ ಸ್ವಂತ ಮೂರಿಂಗ್ ಇರಬೇಕು, ಇಲ್ಲವೇ ಲೈಸೆನ್ಸಿನ ಅವಧಿಯುದ್ದಕ್ಕೂ ಪ್ರಾಮಾಣಿಕವಾಗಿ ಸಂಚರಿಸುತ್ತಿರಬೇಕು. ಎರಡನೆಯ ದಾರಿ ಹಿಡಿದವರು ಯಾವ ಜಾಗದಲ್ಲೂ ಒಂದೇ ಸಮನೆ 14 ದಿನಕ್ಕಿಂತ ಹೆಚ್ಚು ನಿಲ್ಲುವಂತಿಲ್ಲ. ಕಾಯಿಲೆ, ಎಂಜಿನ್ ಕೆಡುವುದು, ಕಾಲುವೆ ಹೆಪ್ಪುಗಟ್ಟುವುದು ಮುಂತಾದ ಸಕಾರಣಗಳಿದ್ದರೆ ಮಾತ್ರ ವಿನಾಯಿತಿ ಸಿಗುತ್ತದೆ. ಹದಿನಾಲ್ಕು ದಿನಕ್ಕೊಮ್ಮೆ ಎರಡು ಸೇತುವೆಗಳ ನಡುವೆ ಹಿಂದೆ ಮುಂದೆ ಓಡಾಡಿಕೊಂಡಿದ್ದರೆ ಸಾಕು ಎಂಬ ನಂಬಿಕೆ ತಪ್ಪು. ವರ್ಷದ ಸಂಚಾರದ ಹರವು 15ರಿಂದ 20 ಮೈಲಿಗಿಂತ ಕಡಿಮೆಯಿದ್ದರೆ ತನಗೆ ತೃಪ್ತಿಯಾಗುವುದು ಕಷ್ಟವೆಂದು ಟ್ರಸ್ಟ್ ಹೇಳಿಕೊಂಡು ಬಂದಿದೆ. ತೃಪ್ತಿಯಾಗದಿದ್ದರೆ ಆರು ತಿಂಗಳಿಗೆ ಮಾತ್ರ ಲೈಸೆನ್ಸ್ ಕೊಡುತ್ತದೆ, ಇಲ್ಲವೇ ನವೀಕರಿಸುವುದನ್ನೇ ನಿಲ್ಲಿಸುತ್ತದೆ.

ಇದು ಪುಕ್ಕಟೆಯೂ ಅಲ್ಲ. ಮೂರಿಂಗ್ ಇಲ್ಲದ ದೋಣಿಗಳ ಲೈಸೆನ್ಸಿಗೆ 2024ರ ಏಪ್ರಿಲಿನಿಂದ ಶೇ. 5ರಷ್ಟು ಹೆಚ್ಚುವರಿ ಶುಲ್ಕ ಬಂದಿದೆ, ಅದು ವರ್ಷ ವರ್ಷ ಏರಿ 2028ಕ್ಕೆ ಶೇ. 25 ಮುಟ್ಟುವಂತೆ ನಿಗದಿಯಾಗಿದೆ. ನೀರು, ಕಲ್ಲಿದ್ದಲು, ಶೌಚದ ಟ್ಯಾಂಕು ಎಲ್ಲಕ್ಕೂ ದೋಣಿಯನ್ನೇ ಹೊರಡಿಸಬೇಕು. ಒಂಟಿಯಾಗಿರುವ, ಮನೆಯಿಂದಲೇ ಕೆಲಸ ಮಾಡುವ ನನಗೆ ಇದು ಹೊಂದುತ್ತದೆ, ಈ ಬದುಕನ್ನು ನಾನು ಬಹಳ ಪ್ರೀತಿಸುತ್ತೇನೆ. ಆದರೆ ಬೆಳಗ್ಗೆ ಒಂಬತ್ತಕ್ಕೆ ಶಾಲೆಯ ಗೇಟಿನಲ್ಲಿ ಮಗುವನ್ನು ಬಿಡಬೇಕಾದವರಿಗೆ, ವಾರಕ್ಕೆ ಮೂರು ದಿನ ಆಫೀಸು ಇರುವವರಿಗೆ, ಇದನ್ನು ಬಾಡಿಗೆ ಉಳಿಸುವ ಉಪಾಯವೆಂದು ನಾನು ಎಂದಿಗೂ ಹೇಳಲಾರೆ. ಮಕ್ಕಳನ್ನು ಇಟ್ಟುಕೊಂಡು ಹೀಗೆ ಬಾಳುತ್ತಿರುವ ಕುಟುಂಬಗಳಿವೆ. ಅವರು ಪಡುವ ಪಾಡನ್ನು ಹತ್ತಿರದಿಂದ ನೋಡಿದ್ದೇನೆ.

ಮಧ್ಯದ ದಾರಿಯೊಂದನ್ನು ಮಾತ್ರ ಹೇಳಬಲ್ಲೆ. ವಾಸದ ಜಾಗಕ್ಕೆ ಕಾಯುವ ಕಾಲವನ್ನು ದಾಟಿಸಲು ಟ್ರಸ್ಟಿನ ಚಳಿಗಾಲದ ಮೂರಿಂಗುಗಳಿವೆ. ನವೆಂಬರಿನಿಂದ ಫೆಬ್ರವರಿಯ ಕೊನೆಯವರೆಗೆ, ತಿಂಗಳ ಲೆಕ್ಕದಲ್ಲಿ, ಗೊತ್ತುಪಡಿಸಿದ ಜಾಗದಲ್ಲಿ ನಿಲ್ಲಬಹುದು. ಅದು ಕಾಯಂ ವಿಳಾಸವಾಗುವುದಿಲ್ಲ, ಆದರೆ ದೋಣಿಯ ಬದುಕು ನಿಮಗೆ ಆಗಿಬರುತ್ತದೆಯೇ ಎಂದು ಅತ್ಯಂತ ಕಷ್ಟದ ಋತುವಿನಲ್ಲೇ ತಿಳಿದುಬಿಡುತ್ತದೆ. ಬಾಡಿಗೆ ಮನೆಯನ್ನು ಬಿಡುವ ಮುನ್ನ ಒಂದು ದೋಣಿಯನ್ನು ಜನವರಿಯಲ್ಲಿ ವಾರದ ಮಟ್ಟಿಗೆ ಬಾಡಿಗೆಗೆ ಪಡೆದು ಮೂವರೂ ಇದ್ದು ನೋಡಿದರೆ ಇನ್ನೂ ಒಳ್ಳೆಯದು.

ಉತ್ತರ 3: ನದಿದಂಡೆ

ಹಣದ ಲೆಕ್ಕದ ಬಗ್ಗೆ ಮತ್ತು ಜಾಗವನ್ನು ನೋಡಲು ಹೋದಾಗ ಏನನ್ನು ಗಮನಿಸಬೇಕೆಂಬುದರ ಬಗ್ಗೆ ಬರೆಯುತ್ತೇನೆ.

ಮೂರಿಂಗ್ ಶುಲ್ಕದ ಆಚೆಗೆ ಟ್ರಸ್ಟಿನ ಲೈಸೆನ್ಸ್ ಒಂದು ದೊಡ್ಡ ಖರ್ಚು, 57 ಅಡಿಯ ದೋಣಿಗೆ ವರ್ಷಕ್ಕೆ ಸಾವಿರ ಪೌಂಡ್ ದಾಟುತ್ತದೆ. ಸುರಕ್ಷತಾ ಪ್ರಮಾಣಪತ್ರ ನಾಲ್ಕು ವರ್ಷಕ್ಕೊಮ್ಮೆ. ವಿಮೆ ಮಾಡಿಸುವಾಗ ಕಾಯಂ ವಾಸವೆಂದು ತಪ್ಪದೆ ತಿಳಿಸಿರಿ. ವಿಹಾರಕ್ಕೆಂದು ಮಾಡಿಸಿದ ವಿಮೆ ಬೆಂಕಿ ಬಿದ್ದ ದಿನ ಕೈಕೊಡುತ್ತದೆ. ಎರಡು ಮೂರು ವರ್ಷಕ್ಕೊಮ್ಮೆ ದೋಣಿಯನ್ನು ನೀರಿನಿಂದ ಮೇಲೆತ್ತಿಸಿ, ತಳವನ್ನು ತೊಳೆಸಿ, ತುಕ್ಕು ತಡೆಯುವ ಕಪ್ಪು ಬಣ್ಣ ಬಳಿಸಬೇಕು. ಕೊಳ್ಳುವ ಮುನ್ನ ನೀರಿನ ಹೊರಗೆ ಸರ್ವೆ ಮಾಡಿಸಿ ತಳದ ಉಕ್ಕಿನ ದಪ್ಪ ಅಳೆಸುವುದು ಕಡ್ಡಾಯವೆಂದೇ ತಿಳಿಯಿರಿ. ಎಷ್ಟೋ ಕಡೆ ದಪ್ಪ 4 ಮಿಲಿಮೀಟರಿಗಿಂತ ಇಳಿದಿದ್ದರೆ ವಿಮೆಯವರು ತಕರಾರು ಎತ್ತುತ್ತಾರೆ, ಹೊಸ ತಗಡು ಹೊದಿಸಲು ಸಾವಿರಾರು ಪೌಂಡ್ ಬೇಕು.

ಅಗಲದ ದೋಣಿಯ ಆಸೆಯಿದ್ದರೆ ಈಗಲೇ ಯೋಚಿಸಿರಿ. ಮಗುವಿಗೆ ಓಡಾಡಲು ಜಾಗ ಸಿಗುತ್ತದೆ, ನಿಜ. ಆದರೆ ಮೂರಿಂಗಿಗೆ ಒಂದೂವರೆ ಪಟ್ಟು ಶುಲ್ಕ ಹಾಕುವವರು ಬಹಳ, ಲೈಸೆನ್ಸಿಗೂ ಹೆಚ್ಚುವರಿ ಹಣ ಬೀಳುತ್ತದೆ. ಮುಖ್ಯ ಗ್ರಾಂಡ್ ಯೂನಿಯನ್ನಿನ ಲಾಕುಗಳು (ದೋಣಿಯನ್ನು ಏರಿಸಿ ಇಳಿಸುವ ಗೇಟಿನ ಕಟ್ಟೆಗಳು) ಅಗಲವಾಗಿದ್ದರೂ ನಾರ್ಥಾಂಪ್ಟನ್ ಕವಲಿನ 17 ಲಾಕುಗಳು ಏಳು ಅಡಿಯವು. ಲೆಸ್ಟರ್ ಕಡೆಗೆ ಹೋಗುವ ವಾಟ್‌ಫರ್ಡ್ ಮತ್ತು ಫಾಕ್ಸ್‌ಟನ್ ಲಾಕುಗಳೂ ಹಾಗೆಯೇ. ಅಗ್ಗದ ಜಾಗ ಆ ಕಡೆ ಸಿಕ್ಕರೆ ಅಗಲದ ದೋಣಿ ಅಲ್ಲಿಗೆ ತಲುಪುವುದೇ ಇಲ್ಲ.

ನಾರ್ಥಾಂಪ್ಟನ್ ಕವಲಿನಲ್ಲಿ ಇಳಿದರೆ ನೆನ್ ನದಿ ಸೇರುತ್ತೀರಿ. ಅದು ಟ್ರಸ್ಟಿನದಲ್ಲ, ಎನ್ವಿರಾನ್‌ಮೆಂಟ್ ಏಜೆನ್ಸಿಯದು. ಅಲ್ಲಿಗೆ ಬೇರೆ ನೋಂದಣಿ ಬೇಕು, ಅಥವಾ ಎರಡಕ್ಕೂ ನಡೆಯುವ ಗೋಲ್ಡ್ ಲೈಸೆನ್ಸ್ ಬೇಕು. ನದಿಯ ಜಾಗ ಕಾಲುವೆಗಿಂತ ಅಗ್ಗವಾಗಿ ಕಂಡರೆ ಕಾರಣ ಕೇಳಿರಿ. ಕಾಲುವೆಯ ನೀರಿನ ಮಟ್ಟ ಹೆಚ್ಚುಕಡಿಮೆ ಒಂದೇ ಸಮನಿರುತ್ತದೆ, ನದಿ ಹಾಗಲ್ಲ. ಮಳೆಗಾಲದ ಒಂದು ರಾತ್ರಿಯಲ್ಲಿ ನೀರು ಮಂಡಿಯುದ್ದ ಏರಿದಾಗ, ದಂಡೆಯ ಗೂಟಕ್ಕೆ ಬಿಗಿಯಾಗಿ ಕಟ್ಟಿದ ದೋಣಿ ಹಗ್ಗದ ಕಡೆಗೆ ವಾಲುತ್ತದೆ. ಹಗ್ಗ ಸಡಿಲವಿದ್ದರೆ ದೋಣಿ ದಂಡೆಯ ಮೇಲಕ್ಕೆ ತೇಲಿ, ನೀರು ಇಳಿಯುವಾಗ ಅಲ್ಲೇ ಕೂರುವ ಅಪಾಯವಿದೆ. ಎತ್ತರದ ಕಂಬಗಳಿಗೆ ಜೋಡಿಸಿದ, ನೀರಿನ ಜೊತೆಗೇ ಏರಿಳಿಯುವ ತೇಲುಕಟ್ಟೆ ಇದ್ದರೆ ಮಾತ್ರ ಮಗುವಿರುವವರು ನದಿಯಲ್ಲಿ ನಿಲ್ಲುವುದು ಒಳ್ಳೆಯದು. ದಂಡೆಯ ಕಂಬಗಳ ಮೇಲಿನ ಕೆಸರಿನ ಗೆರೆ ನೋಡಿದರೆ ಹಿಂದಿನ ಪ್ರವಾಹ ಎಲ್ಲಿಯವರೆಗೆ ಬಂದಿತ್ತೆಂದು ತಿಳಿಯುತ್ತದೆ.

ಜಾಗವನ್ನು ಬೇಸಿಗೆಯ ಭಾನುವಾರ ನೋಡಿ ಮರುಳಾಗಬೇಡಿ, ಕತ್ತಲಾದ ಮೇಲೆ ಇನ್ನೊಮ್ಮೆ ಹೋಗಿರಿ. ಕಾರು ನಿಲ್ಲುವಲ್ಲಿಂದ ದೋಣಿಯವರೆಗೆ ದೀಪವಿದೆಯೇ? ಎಲ್ಸಾನ್ ಎಂದು ಕರೆಯುವ ಶೌಚದ ಡಬ್ಬಿ ಖಾಲಿಮಾಡುವ ಜಾಗ ಎಷ್ಟು ದೂರ? ತುಂಬಿದ ಡಬ್ಬಿ ಇಪ್ಪತ್ತು ಕಿಲೋ ತೂಗುತ್ತದೆ, ಅದನ್ನು ಹಿಮಗಟ್ಟಿದ ಹಲಗೆಯ ಮೇಲೆ ವಾರಕ್ಕೆ ಎರಡು ಮೂರು ಸಲ ಹೊರಬೇಕು. ಕರೆಂಟಿನ ಕಂಬದಲ್ಲಿ 16 ಆಂಪಿಯರಿನ ಸಂಪರ್ಕ ಮಾತ್ರ ಇದ್ದರೆ ಕೆಟಲ್ ಮತ್ತು ಹೀಟರು ಒಟ್ಟಿಗೆ ಹಾಕಿದ ಕೂಡಲೇ ಟ್ರಿಪ್ ಆಗುತ್ತದೆ. ಮರೀನಾದವರು ತಾವು ಕೊಂಡ ದರಕ್ಕಿಂತ ಹೆಚ್ಚಿಗೆ ನಿಮಗೆ ಕರೆಂಟು ಮಾರುವಂತಿಲ್ಲ ಎಂಬುದು ಇಂಧನ ನಿಯಂತ್ರಕ ಸಂಸ್ಥೆಯಾದ ಆಫ್‌ಜೆಮ್ ನಿಯಮ. ಯೂನಿಟ್ಟಿನ ದರವನ್ನು ಕೇಳುವಾಗ ಇದು ನೆನಪಿರಲಿ. ಒಲೆಯ ಬಳಿ ಕಾರ್ಬನ್ ಮಾನಾಕ್ಸೈಡ್ ಅಲಾರಂ ಇಲ್ಲದ ದೋಣಿಯಲ್ಲಿ ಮಗುವನ್ನು ಒಂದು ರಾತ್ರಿಯೂ ಮಲಗಿಸಬೇಡಿ. 2019ರಿಂದ ಅದು ಕಡ್ಡಾಯ.

ಪ್ರಶ್ನೆ ಕೇಳಿದವರ ಮರುಬರಹ: ನೀರದಾರಿ

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ನೀವು ಹೇಳಿದಂತೆ ಕೌನ್ಸಿಲ್‌ನ ಪುಟದಲ್ಲಿ ಹುಡುಕಿದೆ. "ಏನೂ ಕೇಳುವುದಿಲ್ಲ" ಎಂದ ಮರೀನಾದ ಅನುಮತಿಪತ್ರದಲ್ಲಿ ವಾಸವನ್ನು ನಿಷೇಧಿಸುವ ಷರತ್ತು ಸ್ಪಷ್ಟವಾಗಿಯೇ ಇದೆ. ಅಲ್ಲಿ ತಿಂಗಳಿಗೆ 270 ಪೌಂಡ್ ಆಗುತ್ತಿತ್ತು.

ಟೋಪಾತ್‌ನಲ್ಲಿ ನಡೆದು ಅಲ್ಲಿದ್ದವರನ್ನು ಮಾತಾಡಿಸಿದ್ದರಿಂದ ಇನ್ನೊಂದು ಜಾಗ ತಿಳಿದುಬಂತು. ಎದುರು ದಂಡೆಯ ಹೊಲದಂಚಿನಲ್ಲಿ ಒಂಬತ್ತು ದೋಣಿಗಳಿವೆ, ಎಲ್ಲರೂ ಅಲ್ಲೇ ವಾಸ. ಜಾಗಕ್ಕೆ ಕಾನೂನುಬದ್ಧ ಬಳಕೆಯ ಪ್ರಮಾಣಪತ್ರವಿದೆ ಎಂದು ಹೊಲದ ಮಾಲೀಕರು ಹೇಳುತ್ತಾರೆ. ತಿಂಗಳಿಗೆ 360 ಪೌಂಡ್. ನಲ್ಲಿ ಇದೆ, ಆದರೆ ಕರೆಂಟಿನ ಸಂಪರ್ಕವಿಲ್ಲ. ರಸ್ತೆಯಿಂದ ಹೊಲದ ದಾರಿಯಲ್ಲಿ ಸ್ವಲ್ಪ ದೂರ ನಡೆಯಬೇಕು. ಡಿಸೆಂಬರಿನಲ್ಲಿ ಒಂದು ದೋಣಿ ಖಾಲಿಮಾಡಲಿದೆ. ಕರೆಂಟಿಲ್ಲದ ಕಡೆ ಮಗುವಿನೊಂದಿಗೆ ಇರಲು ಸಾಧ್ಯವೇ, ಮಾಲೀಕರಿಂದ ಏನೇನು ಕೇಳಬೇಕು ಎಂದು ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ 4: ನದಿದಂಡೆ

ಕರೆಂಟಿಲ್ಲದೆ ಇರುವುದು ಸಾಧ್ಯ, ಬಹಳ ಜನ ಇದ್ದಾರೆ. ಚಾವಣಿಯ ಸೋಲಾರ್ ಹಲಗೆಗಳು ಮಾರ್ಚಿನಿಂದ ಅಕ್ಟೋಬರಿನವರೆಗೆ ದೀಪ, ಫ್ರಿಜ್, ಲ್ಯಾಪ್‌ಟಾಪಿಗೆ ಸಾಕಾಗುತ್ತವೆ. ಡಿಸೆಂಬರಿನಲ್ಲಿ ಅವುಗಳಿಂದ ಹೆಚ್ಚೇನೂ ಬರುವುದಿಲ್ಲ, ದಿನಕ್ಕೆ ಎರಡು ಮೂರು ತಾಸು ಎಂಜಿನ್ ಓಡಿಸಬೇಕಾಗುತ್ತದೆ. ರಾತ್ರಿ ಎಂಟರಿಂದ ಬೆಳಗ್ಗೆ ಎಂಟರವರೆಗೆ ಎಂಜಿನ್ ಓಡಿಸದಿರುವುದು ಕಾಲುವೆಯ ನಿಯಮ. ಬಿಸಿಗೆ ಕಲ್ಲಿದ್ದಲಿನ ಒಲೆ, ಅಡುಗೆಗೆ ಗ್ಯಾಸ್ ಸಿಲಿಂಡರು. ಬಟ್ಟೆ ಒಣಗಿಸುವುದೇ ಚಳಿಗಾಲದ ನಿಜವಾದ ತೊಂದರೆ. ಒಳಗೆ ಹರವಿದರೆ ಕಿಟಕಿಯ ಚೌಕಟ್ಟಿನಿಂದ ಹಾಸಿಗೆಯ ಅಡಿಯವರೆಗೆ ತೇವ ಹಿಡಿಯುತ್ತದೆ. ವಾರಕ್ಕೊಮ್ಮೆ ಊರಿನ ಲಾಂಡ್ರಿಗೆ ಹೋಗುವ ಖರ್ಚನ್ನೂ ಬರೆದಿಟ್ಟುಕೊಳ್ಳಿ.

ಉತ್ತರ 5: ಗ್ರಾಂಡ್ ಯೂನಿಯನ್ ವಾಸಿ

ತಿಂಗಳಿಗೆ 90 ಪೌಂಡ್ ಹೆಚ್ಚಾದರೂ ಹೊಲದಂಚಿನ ಜಾಗವೇ ನಿಮಗೆ ಸರಿ ಎಂಬುದು ನನ್ನ ಅಭಿಪ್ರಾಯ. ಸಹಿ ಹಾಕುವ ಮೊದಲು ಮಾತ್ರ ಕೆಲವನ್ನು ಖಚಿತಪಡಿಸಿಕೊಳ್ಳಬೇಕು.

ಪ್ರಮಾಣಪತ್ರ ಇದೆ ಎಂಬ ಮಾತಿಗೆ ತೃಪ್ತರಾಗದೆ ಅದರ ಪ್ರತಿಯನ್ನು ಕೌನ್ಸಿಲ್‌ನ ಪುಟದಿಂದ ನೀವೇ ತೆಗೆಯಿರಿ. ಅದರ ಜೊತೆ ಒಂದು ನಕ್ಷೆ ಇರುತ್ತದೆ, ಅದರಲ್ಲಿ ಜಾಗದ ಸುತ್ತ ಕೆಂಪು ಗೆರೆ ಎಳೆದಿರುತ್ತಾರೆ. ನಿಮಗೆ ಕೊಡುವ ಜಾಗ ಆ ಗೆರೆಯ ಒಳಗೇ ಬೀಳುತ್ತದೆಯೇ, ಪತ್ರದಲ್ಲಿ ಎಷ್ಟು ದೋಣಿಗಳೆಂದು ಬರೆದಿದೆ ಎಂಬುದನ್ನು ನೋಡಿರಿ. ಎಂಟು ಎಂದಿದ್ದು ಅಲ್ಲಿ ಒಂಬತ್ತು ನಿಂತಿದ್ದರೆ, ಆ ಒಂಬತ್ತನೆಯದು ಯಾರದೆಂಬ ಪ್ರಶ್ನೆ ಕೊನೆಗೆ ಬಂದವರ ಮೇಲೆಯೇ ಬೀಳುತ್ತದೆ.

ಎರಡನೆಯದು, ದಂಡೆ ರೈತರದ್ದಾದರೂ ಕಾಲುವೆ ಟ್ರಸ್ಟಿನದು. ಎದುರು ದಂಡೆಯಲ್ಲಿ ದೋಣಿ ನಿಲ್ಲಿಸಲು ಟ್ರಸ್ಟಿನ ಒಪ್ಪಿಗೆ ಬೇಕು, ಅದಕ್ಕೆ ಶುಲ್ಕವೂ ಇದೆ. ಅದನ್ನು ಮಾಲೀಕರು ಕಟ್ಟುತ್ತಾರೋ, 360ರ ಮೇಲೆ ನೀವು ಕಟ್ಟಬೇಕೋ ಎಂದು ಕೇಳಿರಿ. ಕರಾರು ಕನಿಷ್ಠ ಒಂದು ವರ್ಷದ್ದಾಗಿರಲಿ, ನೋಟಿಸು ಮೂರು ತಿಂಗಳಿಗಿಂತ ಕಡಿಮೆಯಾಗದಿರಲಿ. ಹೊಲ ಮಾರಾಟವಾದರೆ ಕರಾರು ಏನಾಗುತ್ತದೆ ಎಂಬುದನ್ನು ಬರಹದಲ್ಲಿ ಪಡೆಯಿರಿ. ಹೊಲದ ದಾರಿಯಲ್ಲಿ ನಡೆಯುವ ಹಕ್ಕು, ಕಲ್ಲಿದ್ದಲು ತರುವ ವಾಹನ ಬರುವ ಹಕ್ಕು ಕರಾರಿನಲ್ಲಿ ಸೇರಿರಬೇಕು. ಇಲ್ಲದಿದ್ದರೆ ಟೋಪಾತ್ ಎದುರಿಗಿರುವ ನಿಮಗೆ ದೋಣಿ ತಲುಪಲು ಬೇರೆ ದಾರಿಯೇ ಇರುವುದಿಲ್ಲ. ಅಂಚೆ ಆ ವಿಳಾಸಕ್ಕೆ ಬರುತ್ತದೆಯೇ ಎಂದು ಅಲ್ಲಿರುವವರನ್ನೇ ವಿಚಾರಿಸಿ. ವೀಸಾದ ಮೇಲೆ ಇಲ್ಲಿರುವವರಾದರೆ ಗೃಹ ಇಲಾಖೆಯ ಆನ್‌ಲೈನ್ ಖಾತೆಯಲ್ಲಿ ಹೊಸ ವಿಳಾಸವನ್ನು ತಪ್ಪದೆ ತುಂಬಿರಿ.

ಕೊನೆಯದಾಗಿ ದಿನಾಂಕದ ಮಾತು. ಸೆಪ್ಟೆಂಬರಿನಲ್ಲಿ ಪ್ರಾಥಮಿಕ ಶಾಲೆ ಸೇರುವ ಮಕ್ಕಳ ಅರ್ಜಿಗೆ ಇಂಗ್ಲೆಂಡಿನಲ್ಲಿ ಜನವರಿ 15 ಕೊನೆಯ ದಿನ, ಅರ್ಜಿಯನ್ನು ನೀವು ವಾಸಿಸುವ ಕೌನ್ಸಿಲ್‌ಗೇ ಹಾಕಬೇಕು. ಡಿಸೆಂಬರಿನಲ್ಲಿ ಜಾಗ ಖಾಲಿಯಾಗುವುದಾದರೆ ಕರಾರಿನ ಸಹಿ ಅದೇ ತಿಂಗಳಲ್ಲಿ ಮುಗಿಯುವಂತೆ ಮಾಲೀಕರನ್ನು ಒಪ್ಪಿಸಿರಿ. ಅಷ್ಟರಲ್ಲಿ ದೋಣಿ ಸಿಗದೇ ಹೋದರೆ ಈಗಿನ ಮನೆಯ ವಿಳಾಸದಿಂದಲೇ ಅರ್ಜಿ ಹಾಕಿ, ಮನೆ ಬದಲಾದಾಗ ಕೌನ್ಸಿಲ್‌ಗೆ ತಿಳಿಸಿದರಾಯಿತು. ಪ್ರಮಾಣಪತ್ರದ ಪ್ರತಿ ಸಿಕ್ಕಿದ ಮೇಲೆ ಅದರ ಮಾತುಗಳಲ್ಲಿ ಅನುಮಾನ ಬಂದರೆ, ಹೆಸರು ವಿಳಾಸಗಳನ್ನು ಅಳಿಸಿ ಆ ಸಾಲುಗಳನ್ನು ಇಲ್ಲಿ ಹಾಕಿರಿ, ಓದಿ ಹೇಳುತ್ತೇನೆ.